ಎಡಗಡೆಯ ಹಾಡುಗಾರ

ಹರಿಣಾಕ್ಷಿ ಕಿಟಕಿ ಸೀಟು ಬಿಟ್ಟುಕೊಟ್ಟ ದಿನವೇ ನನಗೆ ಅನುಮಾನ ಬರಬೇಕಿತ್ತು. ಮುಂಬಯಿ ಕಡೆಯ ಠಾಣೆಯಿಂದ ವಾಶಿಗೆ ಹೋಗುವ ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕಿಟಕಿಗಾಗಿ ಒಡಹುಟ್ಟಿದವರೂ ಕಿತ್ತಾಡುತ್ತಾರೆ. ಇವಳು ಕೈಗೆ ಬಂದದ್ದನ್ನು ಬಿಟ್ಟು, "ನೀವು ಕೂತ್ಕೊಳ್ಳಿ ಅಕ್ಕ, ನನಗೆ ಈಚೆಯೇ ಆಗ್ತದೆ" ಎಂದಳು. ಪುಣ್ಯಾತ್ಗಿತ್ತಿ ಎಂದುಕೊಂಡೆ. ಮರುದಿನ ಇನ್ನೊಂದು ಬದಿಯ ಸಾಲಿನಲ್ಲಿ ಜಾಗ ಸಿಕ್ಕಾಗ ಅದೇ ಪುಣ್ಯಾತ್ಗಿತ್ತಿ ನನ್ನನ್ನು ದಾಟಿಕೊಂಡು ಹೋಗಿ ಕಿಟಕಿಯ ಬಳಿ ಕೂತಳು. ಒಂದು ದಿನ ಕರ್ಣನ ದಾನ, ಮರುದಿನ ಜಿಪುಣತನ. ಎರಡೂ ದಿನ ನಾನು ಅವಳ ಬಲಗಡೆಗೇ ಬಂದಿದ್ದೆ ಎಂಬುದನ್ನು ಗಮನಿಸುವಷ್ಟು ಬುದ್ಧಿ ನನಗಿರಲಿಲ್ಲ.

ನಾನು ಭಾಗೀರಥಿ, ಮೈಸೂರಿನ ಒಂಟಿಕೊಪ್ಪಲಿನವಳು. ಮದುವೆಯಾಗಿ ಡೊಂಬಿವಲಿಗೆ ಬಂದವಳು ಇಲ್ಲೇ ನೆಲೆ ನಿಂತೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನ್ನ ಗಂಡ ಶ್ರೀನಿ ಹೇಳುತ್ತಾರೆ. ಸುಳ್ಳೇನಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಿವಾ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ವಾಪಸು ಹೋದವಳು ನಾನು. ಆರಿಸಿಯೇ ಇತ್ತು.

ಹರಿಣಾಕ್ಷಿಯೂ ಡೊಂಬಿವಲಿಯವಳೇ, ನನಗಿಂತ ಏಳು ವರ್ಷ ಚಿಕ್ಕವಳು. ಊರು ಮೂಲ್ಕಿಯ ಹತ್ತಿರ, ಮನೆಮಾತು ತುಳು. ಅವಳ ಗಂಡ ಪ್ರೇಮನಾಥ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ನಾವಿಬ್ಬರೂ ೨೦೦೭ರಲ್ಲಿ ಒಂದೇ ವಾರ ಮಹಾಪೆಯ ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಂಪನಿಗೆ ಸೇರಿದೆವು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಆ ರೋಗಿಯ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ನಾವು ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಕಾಲಿನ ಪೆಡಲ್ ಒತ್ತಿ ನಿಲ್ಲಿಸುತ್ತಾ ನಡೆಸುತ್ತಾ ಟೈಪ್ ಮಾಡುತ್ತಿದ್ದೆವು. ಹರಿಣಾಕ್ಷಿ ಟೈಪ್ ಮಾಡುವವಳು, ನಾನು ತಿದ್ದುವವಳು.

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಶಬ್ದ ಕೇಳಿಸದಿದ್ದರೆ ಊಹೆ ಮಾಡಿ ಬರೆಯಬಾರದು. ಆ ಜಾಗದಲ್ಲಿ ಉದ್ದಕ್ಕೊಂದು ಗೆರೆ ಎಳೆದು ಮುಂದೆ ಹೋಗಬೇಕು. ಔಷಧದ ಹೆಸರನ್ನು ಊಹಿಸಿ ಬರೆದರೆ ಎಲ್ಲೋ ಒಬ್ಬನ ಪ್ರಾಣಕ್ಕೆ ಬರುತ್ತದೆ. ಗೆರೆ ಹೆಚ್ಚಾದರೆ ಮ್ಯಾನೇಜರನಿಂದ ಬೈಗುಳ, ಊಹೆ ಮಾಡಿದರೆ ಮನೆಗೆ. ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಊಹೆ ಮಾಡಿ ಸಿಕ್ಕಿಬಿದ್ದವರೇ. ಹರಿಣಾಕ್ಷಿ ಮಾತ್ರ ಒಂದು ಸಲವೂ ಮಾಡಲಿಲ್ಲ. ಅವಳು ಟೈಪ್ ಮಾಡಿದ್ದರಲ್ಲಿ ಗೆರೆ ಇದ್ದರೆ ಅಲ್ಲಿ ನಿಜಕ್ಕೂ ಯಾರಿಗೂ ಕೇಳಿಸುವಂಥದ್ದೇನೂ ಇಲ್ಲ ಎಂದು ನಾನು ಕಣ್ಣು ಮುಚ್ಚಿ ನಂಬುತ್ತಿದ್ದೆ.

ನಮಗೆ ತರಬೇತಿ ಕೊಟ್ಟವನು ಅಭಯ್ ಎಂಬ ಬೆಂಗಳೂರಿನ ಹುಡುಗ. ಇಂಗ್ಲಿಷ್ ಉಚ್ಚಾರ ಕಿವಿಗೆ ಒಗ್ಗಲಿ ಎಂದು ಎಲ್ಲರಿಗೂ ಒಂದೊಂದು ಎಂಪಿತ್ರೀ ಸಿಡಿ ಕೊಟ್ಟ. ಅದರಲ್ಲಿ ನಲವತ್ತು ಆಲ್ಬಂ, ಹಳೆಯ ಬ್ಯಾಂಡುಗಳದ್ದು ಅರ್ಧ, ಹೊಸಬರದ್ದು ಅರ್ಧ.

"ಒಂದೊಂದೇ ಹಾಡು ಕಿತ್ಕೊಂಡು ಕೇಳ್ಬೇಡಿ ಮೇಡಂ," ಎಂದ. "ಆಲ್ಬಂ ಅಂದ್ರೆ ಮೊದಲಿಂದ ಕೊನೇವರೆಗೂ ಕೇಳ್ಬೇಕು. ಎಲೆ ಊಟ ಇದ್ದ ಹಾಗೆ. ಪಾಯಸ ಮಾತ್ರ ತಿಂದು ಎದ್ದು ಹೋಗ್ತೀರಾ?"

ನನಗೆ ಇಂಗ್ಲಿಷ್ ಹಾಡೆಂದರೆ ಪಕ್ಕದ ಮನೆಯವರ ಮಿಕ್ಸಿ ಇದ್ದ ಹಾಗೆ. ಸಿಡಿಯನ್ನು ಬೀರುವಿನಲ್ಲಿಟ್ಟೆ. ಹರಿಣಾಕ್ಷಿ ಠಾಣೆ ಸ್ಟೇಷನ್ನಿನ ಹೊರಗೆ ಹೆಬ್ಬೆರಳುದ್ದದ ಒಂದು ಪ್ಲೇಯರ್ ಕೊಂಡು ನಲವತ್ತನ್ನೂ ಅದಕ್ಕೆ ತುಂಬಿಸಿಕೊಂಡಳು. ಒಂದು ಬೆಳಿಗ್ಗೆ ತನ್ನ ಇಯರ್‌ಫೋನಿನ ಎಡಗಡೆಯ ಗುಂಡಿಯನ್ನು ಕಿವಿಯಿಂದ ತೆಗೆದು ನನ್ನ ಕೈಗಿಟ್ಟಳು. "ಕೇಳಿ ಅಕ್ಕ. ಸುಮ್ಮನೆ ಕೂತು ಎಂತ ಮಾಡ್ತೀರಿ, ಚಿಂತೆ ಅಲ್ವಾ?"

ಹಾಗೆ ಶುರುವಾಯಿತು. ಡೊಂಬಿವಲಿಯಿಂದ ಠಾಣೆಯವರೆಗಿನ ನೂಕುನುಗ್ಗಲಿನಲ್ಲಿ ಕೇಳುವ ಮಾತೇ ಇಲ್ಲ. ಕಿವಿ ಇರಲಿ, ಕಾಲಿಡಲೂ ಜಾಗವಿಲ್ಲ. ಠಾಣೆಯಲ್ಲಿ ಗಾಡಿ ಬದಲಾಯಿಸಿದ ಮೇಲೆ ಕೂರಲು ಸಿಗುತ್ತಿತ್ತು. ಅಲ್ಲಿಂದ ನಾವು ಇಳಿಯುವ ಕೋಪರ್‌ಖೈರಣೆಗೆ ಸುಮಾರು ಇಪ್ಪತ್ತು ನಿಮಿಷ. ಹಳೆಯ ಆಲ್ಬಂಗಳು ಗ್ರಾಮಫೋನ್ ಪ್ಲೇಟಿನ ಕಾಲದವು, ಒಂದು ಮಗ್ಗುಲಿಗೆ ಕೂಡ ಸುಮಾರು ಇಪ್ಪತ್ತೇ ನಿಮಿಷ. ಹೋಗುವಾಗ ಮೊದಲ ಮಗ್ಗುಲು, ಬರುವಾಗ ಎರಡನೆಯದು. ಯಾರೋ ನಮಗೆಂದೇ ಅಳತೆ ತೆಗೆದು ಹೊಲಿದಂತಿತ್ತು. ಹೊಸ ಬ್ಯಾಂಡುಗಳ ಆಲ್ಬಂ ಐವತ್ತು ನಿಮಿಷಕ್ಕೆ ಹೋಗುತ್ತಿತ್ತು. ಅದರ ಬಾಲವನ್ನು ಮಹಾಪೆಯ ಶೇರ್ ರಿಕ್ಷಾದಲ್ಲಿ ಮುಗಿಸುತ್ತಿದ್ದೆವು.

ಕೋಲ್ಡ್ ವೆರಾಂಡಾ ಎಂಬ ಹೊಸ ಬ್ಯಾಂಡಿನ ಆಲ್ಬಂ ಮೊದಲ ಸಲ ಕೇಳಿದಾಗ ಇಬ್ಬರೂ ನಕ್ಕೆವು. ಗಿಟಾರು ಕೊಯ್ಯುವ ಗರಗಸದ ಹಾಗೆ. ಮೂರನೆಯ ವಾರಕ್ಕೆ ಆ ಗರಗಸ ಇಲ್ಲದಿದ್ದರೆ ಬೆಳಗಾದ ಹಾಗೇ ಅನಿಸುತ್ತಿರಲಿಲ್ಲ. ಆದರೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಹಾರ್ಬರ್ ಕ್ಲರ್ಕ್ಸ್. ಇಂಗ್ಲೆಂಡಿನ ನಾಲ್ವರು, ನಾವು ಹುಟ್ಟುವ ಮೊದಲಿನವರು. ಅವರ ಎರಡನೆಯ ಆಲ್ಬಂನಲ್ಲಿ ಹಾಡುವವನ ದನಿ ಎಷ್ಟು ನೊಂದದ್ದೆಂದರೆ, ಗಾಡಿ ಐರೋಲಿ ದಾಟುವ ಹೊತ್ತಿಗೆ ನನಗೆ ತವರುಮನೆ ನೆನಪಾಗುತ್ತಿತ್ತು.

"ಎಷ್ಟು ಸಂಕಟದಿಂದ ಹಾಡ್ತಾನೆ ನೋಡೇ," ಎನ್ನುತ್ತಿದ್ದೆ.

ಹರಿಣಾಕ್ಷಿ ತಲೆ ಆಡಿಸುತ್ತಿದ್ದಳು. ಅವಳು ಹೇಳುತ್ತಿದ್ದುದು ಬೇರೆಯೇ. "ಆ ಡ್ರಮ್ಮಿನವನ ಕುರ್ಚಿ ಕಿರ್ ಅಂತದೆ, ಕೇಳಿದ್ರಾ?" "ಮೂರನೇದರಲ್ಲಿ ಯಾರೋ ಕೆಮ್ತಾರೆ." ನನಗೆ ಕುರ್ಚಿಯೂ ಕೇಳಿಸಿರಲಿಲ್ಲ, ಕೆಮ್ಮೂ ಕೇಳಿಸಿರಲಿಲ್ಲ. ಈ ಕರಾವಳಿಯವರಿಗೆ ಭಾವವಿಲ್ಲ, ಸಾಮಾನಿನ ಮೇಲೇ ಕಣ್ಣು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು.

ಕೋಲ್ಡ್ ವೆರಾಂಡಾದ ಒಂದು ನಿಧಾನದ ಹಾಡು ಮುಗಿದ ಮೇಲೆ ಒಂದು ಸಂಜೆ ಅವಳು ಇದ್ದಕ್ಕಿದ್ದಂತೆ ಹೇಳಿದಳು. "ನನಗೊಂದು ಮಗು ಇತ್ತು ಅಕ್ಕ. ಏಳು ತಿಂಗಳಿನದ್ದು. ಜ್ವರ ಬಂದು ನಾಲ್ಕೇ ದಿನ."

ನಾನು ಅವಳ ಕೈ ಹಿಡಿದುಕೊಂಡೆ.

"ಅದು ಹೋಗಿ ಹನ್ನೊಂದು ವರ್ಷ ಆಯ್ತು. ಇವರು ಒಂದು ಮಾತು ಆಡ್ಲಿಲ್ಲ. ಅಂದೂ ಇಲ್ಲ, ಇವತ್ತಿಗೂ ಇಲ್ಲ. ನನಗೆ ಅದೇ ಸಿಟ್ಟು. ಗಂಡಸರ ಎದೆ ಎಂತ ಕಲ್ಲಿನದ್ದಾ?"

ಪ್ರೇಮನಾಥರನ್ನು ನಾನು ಬಲ್ಲೆ. ಹೋಟೆಲಿಗೆ ಹೋದರೆ ಕೇಳದೆಯೇ ಸಾಂಬಾರು ತಂದು ಹಾಕುವ ಮೆತ್ತನೆಯ ಮನುಷ್ಯ. ಅಂದಿನಿಂದ ಆ ಸಾಂಬಾರು ನನಗೆ ರುಚಿಸಲಿಲ್ಲ. ಮಗು ಸತ್ತರೂ ಬಾಯಿ ಬಿಡದವನು ಎಂದು ಮನಸ್ಸಿನಲ್ಲೇ ಬೈದೆ.

೨೦೦೯ರ ಜೂನ್. ನನ್ನ ಎಡಗಿವಿಯಲ್ಲಿ ಸಣ್ಣದೊಂದು ಕುರು ಎದ್ದಿತ್ತು. ದಿನವೂ ನಾನು ಅವಳ ಬಲಕ್ಕೆ ಕೂತು, ಎಡಗಡೆಯ ಗುಂಡಿಯನ್ನು ನನ್ನ ಎಡಗಿವಿಗೆ ಹಾಕಿಕೊಳ್ಳುತ್ತಿದ್ದವಳು. ಅವತ್ತು ಆ ಕಿವಿ ಮುಟ್ಟಲೂ ಆಗುತ್ತಿರಲಿಲ್ಲ.

"ಈಚೆ ಬದಿಗೆ ಬರ್ತೀನಿ ಕಣೇ, ಜಾಗ ಬದಲಾಯಿಸೋಣ," ಎಂದೆ.

"ಬೇಡ ಅಕ್ಕ."

"ಯಾಕೆ? ಕಿವಿ ನೋಯ್ತಿದೆ ಅಂತಿದೀನಲ್ಲ."

"ಇಲ್ಲೇ ಆಗ್ತದೆ, ವೈರ್ ಎಳ್ಕೊಳ್ಳಿ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ನೋಡುತ್ತಿದ್ದೇನೆ, ಒಂದು ದಿನವೂ ತನ್ನ ಜಾಗ ಬಿಡುವವಳಲ್ಲ. ಗಂಟಾಗಿದ್ದ ವೈರನ್ನು ಅವಳ ಕೈಯಿಂದ ಕಿತ್ತುಕೊಂಡು, ಸಿಕ್ಕ ಗುಂಡಿಯನ್ನು ಬಲಗಿವಿಗೆ ತುರುಕಿಕೊಂಡೆ. ಉಳಿದದ್ದನ್ನು ಅವಳು ಹಾಕಿಕೊಂಡಳು. ಹಾರ್ಬರ್ ಕ್ಲರ್ಕ್ಸರ ಎರಡನೆಯ ಆಲ್ಬಂ ಶುರುವಾಯಿತು. ಡ್ರಮ್ಮು, ಗಿಟಾರು, ಮತ್ತೆ ಗಿಟಾರು. ಹಾಡುವವನೇ ಇಲ್ಲ.

"ನಿನ್ನ ಪ್ಲೇಯರ್ ಕೆಟ್ಟಿದೆ. ಹಾಡೋನೇ ಇಲ್ಲ ಇವತ್ತು," ಎಂದು ಅವಳ ಕಡೆ ತಿರುಗಿದೆ.

ಹರಿಣಾಕ್ಷಿ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಬಾಯಿ ತುಸು ತೆರೆದಿತ್ತು.

"ಅಕ್ಕ," ಎಂದಳು, "ಯಾರೋ ಹಾಡ್ತಿದ್ದಾರೆ."

ಆ ಕಾಲದ ಕೆಲವು ರೆಕಾರ್ಡುಗಳಲ್ಲಿ ದನಿಯನ್ನು ಒಂದು ಬದಿಗೂ ವಾದ್ಯಗಳನ್ನು ಇನ್ನೊಂದು ಬದಿಗೂ ಹಾಕುತ್ತಿದ್ದರಂತೆ, ಅಭಯ್ ಆಮೇಲೆ ಹೇಳಿದ. ಎರಡು ಕಿವಿಗೂ ಹಾಕಿಕೊಂಡು ಕೇಳುವವರಿಗೆ ಎರಡೂ ಸೇರಿ ಒಂದೇ ಹಾಡು. ನಾವು ಎರಡು ವರ್ಷ ಅರ್ಧರ್ಧ ಹಂಚಿಕೊಂಡಿದ್ದೆವು. ನನಗೆ ಹಾಡುಗಾರ, ಅವಳಿಗೆ ಡ್ರಮ್ಮಿನವನ ಕುರ್ಚಿ. ಅದು ಸರಿ. ಆದರೆ ಪ್ಲೇಯರ್ ಅವಳದು. ಮನೆಯಲ್ಲಿ ಒಬ್ಬಳೇ ಇರುವಾಗ ಎರಡನ್ನೂ ಹಾಕಿಕೊಂಡೇ ಕೇಳುತ್ತಾಳೆ. ಆಗ ಕೇಳಿಸಲಿಲ್ಲವೇ?

ಗಾಡಿ ರಬಾಳೆಯಲ್ಲಿ ನಿಂತು ಹೊರಟಿತು. ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ನಾನು ಕೇಳಬೇಕಾದದ್ದನ್ನು ಕೇಳದೆಯೇ ಅವಳು ಉತ್ತರ ಹೇಳಿದಳು. "ಎಡಗಿವಿ ಇಲ್ಲ ಅಕ್ಕ ನನಗೆ. ಸಣ್ಣದಿರುವಾಗಲೇ ಹೋಗಿದೆ."

ಎಂಟನೆಯ ವಯಸ್ಸಿನಲ್ಲಿ ಮಂಗನಬಾವು ಬಂದು, ಇಳಿದು ಹೋಗುವಾಗ ಒಂದು ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಅವಳ ತಾಯಿ ದೇವರ ಮುಂದೆ ನಿಲ್ಲಿಸಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದರು. ಹುಡುಗಿ ನೋಡಲು ಪ್ರೇಮನಾಥರ ಮನೆಯವರು ಬಂದ ದಿನ ಬೆಂಚನ್ನು ಗೋಡೆಗೆ ಒತ್ತಿಸಿ, ಗೋಡೆಯ ಕಡೆಗೆ ಎಡಗಿವಿ ಬರುವಂತೆ ಕೂರಿಸಿದರಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವರು ಸುಳ್ಳನ್ನೂ ಹೇಳಲಿಲ್ಲ, ಬೆಂಚು ಸರಿಸಿದರು ಅಷ್ಟೆ. ಆಮೇಲಿನ ಹದಿಮೂರು ವರ್ಷ ಆ ಬೆಂಚನ್ನು ಹೊತ್ತುಕೊಂಡೇ ಅವಳು ತಿರುಗಿದಳು. ದಾರಿಯಲ್ಲಿ ನಡೆಯುವಾಗ ಎಲ್ಲರೂ ಬಲಕ್ಕೆ ಬರುವಂತೆ ನೋಡಿಕೊಳ್ಳುವುದು. ಕೇಳಿಸದಿದ್ದರೆ ತಲೆ ಆಡಿಸುವುದು. ಇನ್ನೊಮ್ಮೆ ಹೇಳಿ ಎಂದು ಯಾರನ್ನೂ ಕೇಳದಿರುವುದು.

"ನೀವು ಸಂಕಟದಿಂದ ಹಾಡ್ತಾನೆ ಅಂತಿದ್ರಿ. ನಾನು ತಲೆ ಆಡಿಸ್ತಿದ್ದೆ. ದೂರದಲ್ಲಿ ಎಂತದೋ ಗುಂಯ್ ಅಂತ ಇತ್ತು, ಅದಿರಬಹುದು ಅಂತ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಒಂದು ಲಾಭ ಉಂಟು. ರಾತ್ರಿ ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ರೆ ಪ್ರಪಂಚವೇ ಇಲ್ಲ. ಗಣಪತಿ ಮಂಡಲದ ಲೌಡ್‌ಸ್ಪೀಕರ್ ನನಗೆ ಎಂತ ಮಾಡ್ಲಿಕ್ಕೂ ಆಗುದಿಲ್ಲ."

"ಪ್ರೇಮನಾಥರಿಗೆ ಗೊತ್ತಾ?"

ನಗು ಹೋಯಿತು. "ಗೊತ್ತಾದ್ರೆ ಮೋಸ ಮಾಡಿ ಮದುವೆ ಮಾಡಿದ್ರು ಅಂತಾರೆ. ಅಲ್ವಾ ಮತ್ತೆ, ಮೋಸವೇ ಅಲ್ವಾ? ಯಾರಿಗೂ ಹೇಳ್ಬೇಡಿ ಅಕ್ಕ. ನಿಮ್ಮ ಕೈ ಮುಗಿತೇನೆ."

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ಡೊಂಬಿವಲಿಗೇ ಗೊತ್ತು. ಆದರೆ ಇದನ್ನು ನಿಲ್ಲಿಸಿಕೊಂಡೆ. ಮುಂದಿನ ಒಂದು ತಿಂಗಳು ನಮ್ಮ ಪಾಲಿಗೆ ಹಬ್ಬ. ಅಭಯ್ ಕೊಟ್ಟ ಹಳೆಯ ಆಲ್ಬಂಗಳನ್ನೆಲ್ಲ ಮೊದಲಿಂದ ತೆಗೆದೆವು. ಇವತ್ತು ಎಡಗಡೆ ಅವಳಿಗೆ, ನಾಳೆ ನನಗೆ. ಒಂದೊಂದು ಆಲ್ಬಂನಲ್ಲೂ ಅವಳಿಗೆ ಒಬ್ಬ ಹೊಸ ಮನುಷ್ಯ ಸಿಗುತ್ತಿದ್ದ. "ಅಯ್ಯೋ, ಇವನು ಇಲ್ಲಿದ್ದನಾ!" ಎಂದು ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಹೇಳುತ್ತಿದ್ದಳು. ನನಗೂ ಕೊನೆಗೆ ಆ ಕುರ್ಚಿ ಕಿರ್ ಎಂದದ್ದು ಕೇಳಿಸಿತು. ಮನೆಯಲ್ಲಿ ಒಬ್ಬಳೇ ಎರಡೂ ಕಿವಿಗೆ ಹಾಕಿಕೊಂಡು ಕೇಳಿದರೆ ನನಗೆ ಪೂರ್ತಿ ಆಲ್ಬಂ ಸಿಗುತ್ತಿತ್ತು. ಅವಳಿಗೆ ಯಾವತ್ತೂ ಸಿಗುವುದಿಲ್ಲವಲ್ಲ ಎಂದು ಒಮ್ಮೆ ಅತ್ತಿದ್ದೂ ಇದೆ.

ಜುಲೈ ಕೊನೆಗೆ ಆಫೀಸಿನ ಬಾಗಿಲಲ್ಲಿ ನೋಟೀಸು ಅಂಟಿಸಿದರು. ಅಮೆರಿಕದ ಆಸ್ಪತ್ರೆಗಳು ಕೇಳಿವೆ, ಆಗಸ್ಟ್ ಹದಿನಾಲ್ಕಕ್ಕೆ ಎಲ್ಲ ನೌಕರರಿಗೂ ಕಿವಿ ಪರೀಕ್ಷೆ. ದೋಷ ಕಂಡುಬಂದರೆ ನೌಕರಿಯ ಬಗ್ಗೆ ಕಂಪನಿ ತೀರ್ಮಾನಿಸಿ ಮನೆಗೆ ಪತ್ರ ಕಳಿಸುತ್ತದೆ. ಮಂದಿ ಕಡಿಮೆ ಮಾಡಲು ನೆಪ ಹುಡುಕುತ್ತಿದ್ದ ವರ್ಷ ಅದು. ಚಳಿಗಾಲದಲ್ಲೇ ಮೂವತ್ತು ಜನರನ್ನು ಕಳಿಸಿದ್ದರು.

ನೋಟೀಸು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಹರಿಣಾಕ್ಷಿ ಪೆಡಲ್ ಒತ್ತುತ್ತಾ ಕೂತಿದ್ದಳು. ಡಾಕ್ಟರ ದನಿ ಎರಡು ಕಿವಿಗೂ ಒಂದೇ. ಅವಳ ಕೆಲಸಕ್ಕೆ ಒಂದು ಕಿವಿ ಸಾಕು. ಆದರೆ ಅದನ್ನು ಯಂತ್ರಕ್ಕೆ ಹೇಳುವವರು ಯಾರು? ನೌಕರಿ ಹೋದರೆ ಯಾಕೆ ಹೋಯಿತೆಂದು ಮನೆಯಲ್ಲಿ ಹೇಳಬೇಕು. ಹೇಳಿದರೆ ಹದಿಮೂರು ವರ್ಷದ ಬೆಂಚು ಹೊರಗೆ ಬರುತ್ತದೆ. ಇನ್ನು ಪತ್ರವಂತೂ ಮಧ್ಯಾಹ್ನದ ಟಪಾಲಿನಲ್ಲಿ ಬರುವುದು, ಆ ಹೊತ್ತಿಗೆ ಪ್ರೇಮನಾಥರು ವಿಶ್ರಾಂತಿಗೆಂದು ಮನೆಗೆ ಬಂದಿರುತ್ತಾರೆ. ಕುಂಬಳಕಾಯಿ ಕಳ್ಳನ ಹಾಗೆ ನಾವಿಬ್ಬರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಎರಡು ವಾರ ಕಳೆದೆವು. ಪ್ಲೇಯರನ್ನು ಹೊರಗೆ ತೆಗೆಯಲೇ ಇಲ್ಲ.

ಉಪಾಯ ನನ್ನದೇ. ಇಂಥ ವಿಷಯದಲ್ಲಿ ನನ್ನ ತಲೆ ಓಡುತ್ತದೆ. ಶ್ರೀನಿಯ ಅಣ್ಣನಿಗೆ ಕಿವಿ ಪರೀಕ್ಷೆ ಮಾಡಿಸಿದಾಗ ನಾನು ಜೊತೆಗಿದ್ದೆ. ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಹೊರಗೆ ಕೂತವಳು ಯಂತ್ರದ ಗುಂಡಿ ಒತ್ತಿದಾಗ ಒಳಗೆ ಪೀಂ ಎನ್ನುತ್ತದೆ, ಕೇಳಿದರೆ ಒಳಗಿನವರು ತಮ್ಮ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊದಲು ಬಲಗಿವಿ, ಆಮೇಲೆ ಎಡಗಿವಿ.

"ನಾನು ಆ ಹುಡುಗಿ ಹಿಂದೆ ಕೂತಿರ್ತೀನಿ," ಎಂದೆ. "ಅವಳ ಬೆರಳು ನೋಡ್ತಿರ್ತೀನಿ. ಅವಳು ಒತ್ತಿದ ತಕ್ಷಣ ಕನ್ನಡಕ ಮುಟ್ಕೋತೀನಿ. ನೀನು ಗಾಜಿನಲ್ಲಿ ನನ್ನನ್ನ ನೋಡಿ ಒತ್ತು."

ಹರಿಣಾಕ್ಷಿ ತಲೆ ಆಡಿಸಿದಳು.

ಎಂಟು ದಿನ ಅಭ್ಯಾಸ ಮಾಡಿದೆವು. ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾನು ಕನ್ನಡಕ ಮುಟ್ಟುವುದು, ಅವಳು ಹೆಬ್ಬೆರಳು ಒತ್ತುವುದು. ಚಹಾ ಮಾರುವವನು ನಮ್ಮನ್ನು ವಿಚಿತ್ರವಾಗಿ ನೋಡುತ್ತಿದ್ದ.

ಹದಿನಾಲ್ಕರಂದು ನನ್ನ ಸರದಿ ಮೊದಲು ಬಂತು. ನನ್ನ ಎರಡೂ ಕಿವಿ ಸರಿಯಾಗಿವೆ ಎಂದರು, ಸಂತೋಷವೂ ಆಗಲಿಲ್ಲ. ಹೊರಗೆ ಬಂದು ಪರೀಕ್ಷೆಯ ಹುಡುಗಿಯ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತೆ. ಹರಿಣಾಕ್ಷಿ ಒಳಗೆ ಹೋಗುವ ಮೊದಲು ಒಂದು ಫಾರಂ ತುಂಬಿಸಬೇಕಿತ್ತು. ಹೆಸರು, ವಯಸ್ಸು, ಬಲಗಿವಿಯಲ್ಲಿ ತೊಂದರೆ ಇದೆಯೇ, ಎಡಗಿವಿಯಲ್ಲಿ ತೊಂದರೆ ಇದೆಯೇ. ಅವಳು ನಿಂತಲ್ಲೇ ಬರೆದು ಹುಡುಗಿಯ ಮೇಜಿನ ಮೇಲಿಟ್ಟು ಗೂಡಿನೊಳಗೆ ಹೋದಳು.

ಬಲಗಿವಿಯದು ಸಲೀಸಾಗಿ ಮುಗಿಯಿತು. ಹುಡುಗಿ ಯಂತ್ರದ ಇನ್ನೊಂದು ಬದಿಗೆ ಬೆರಳು ಸರಿಸಿದಳು. ಒತ್ತಿದಳು. ನಾನು ಕನ್ನಡಕ ಮುಟ್ಟಿಕೊಂಡೆ.

ಹರಿಣಾಕ್ಷಿ ಗಾಜಿನಾಚೆಯಿಂದ ನನ್ನನ್ನು ನೋಡಿದಳು. ನೋಡಿದಳು ಎಂಬುದರಲ್ಲಿ ಸಂಶಯವಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡಳು. ಹುಡುಗಿ ಮತ್ತೆ ಒತ್ತಿದಳು, ದನಿ ಇನ್ನೂ ಏರಿಸಿ ಒತ್ತಿದಳು. ನಾನು ಹುಚ್ಚಿಯ ಹಾಗೆ ಕನ್ನಡಕ ಮುಟ್ಟುತ್ತಲೇ ಇದ್ದೆ. ಅವಳ ಹೆಬ್ಬೆರಳು ಅಲುಗಲಿಲ್ಲ. ನನಗೆ ಎದ್ದು ಹೋಗಿ ಗಾಜು ಬಡಿಯುವಷ್ಟು ಸಿಟ್ಟು ಬಂತು. ಎಂಟು ದಿನದ ಅಭ್ಯಾಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹುಡುಗಿ ಫಾರಂ ಎತ್ತಿ ನೋಡಿದಳು, ನಾನೂ ಬಗ್ಗಿ ನೋಡಿದೆ. ಬಲಗಿವಿಯ ಮುಂದೆ 'ಇಲ್ಲ' ಎಂದು ಬರೆದಿತ್ತು. ಎಡಗಿವಿಯ ಮುಂದೆ ಏನೂ ಬರೆದಿರಲಿಲ್ಲ. ಉದ್ದಕ್ಕೊಂದು ಗೆರೆ ಎಳೆದಿದ್ದಳು.

"ಯಾಕೇ ಹೀಗೆ ಮಾಡಿದೆ?" ಎಂದು ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿದೆ.

"ಆಗ್ಲಿಲ್ಲ ಅಕ್ಕ. ಎರಡು ವರ್ಷ ಒಬ್ಬ ಮನುಷ್ಯ ಎದೆ ಒಡೆದು ಹಾಡ್ತಿದ್ದ. ನಾನು ಕೇಳದೇ ತಲೆ ಆಡಿಸಿದೆ. ಇನ್ನು ಆಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನೌಕರಿಯ ಕಥೆಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾನು ಹೇಳಬೇಕೆಂದು ಕೂತದ್ದು ಅದಲ್ಲ. ಹನ್ನೆರಡು ದಿನ ಕಂಪನಿಯಿಂದ ಸದ್ದಿಲ್ಲ, ಆಮೇಲೆ ಪತ್ರ ಬಂತು. ಬಲಗಿವಿ ಚೆನ್ನಾಗಿದೆ, ತಪ್ಪುಗಳೂ ಇಲ್ಲ, ಮುಂದುವರಿಯಬಹುದು. ಮುಂದುವರಿದಳು. ೨೦೧೩ರಲ್ಲಿ ಮಾತನ್ನು ತಾನೇ ಬರೆದುಕೊಳ್ಳುವ ಸಾಫ್ಟ್‌ವೇರ್ ಬಂದು, ಎರಡೂ ಕಿವಿ ನೆಟ್ಟಗಿದ್ದ ನನ್ನನ್ನೂ ಸೇರಿಸಿ ಎಲ್ಲರನ್ನೂ ಮನೆಗೆ ಕಳಿಸಿತು.

ಆ ಹನ್ನೆರಡು ದಿನಗಳಲ್ಲಿ ಒಂಬತ್ತನೆಯದು ಭಾನುವಾರ. ಬೆಳಿಗ್ಗೆಯೇ ಹರಿಣಾಕ್ಷಿಯ ಫೋನು. "ಪತ್ರ ಬರುವ ಮೊದಲು ನಾನೇ ಹೇಳ್ತೇನೆ. ನೀವು ಬನ್ನಿ. ನನ್ನ ಬಲಗಡೆ ಕೂತ್ಕೊಳ್ಳಿ, ಅಷ್ಟು ಸಾಕು."

ಮಧ್ಯಾಹ್ನ ಮೂರೂವರೆಗೆ ಹೋಟೆಲಿನಲ್ಲಿ ಜನವಿರಲಿಲ್ಲ. ಒಳಗಿನ ಟೇಬಲ್ಲಿನಲ್ಲಿ ಹರಿಣಾಕ್ಷಿ, ಬಲಕ್ಕೆ ನಾನು. ಪ್ರೇಮನಾಥರು ಮೂರು ಕಾಫಿ ತಾವೇ ಹಿಡಿದುಕೊಂಡು ಬಂದು ಎದುರಿಗೆ ಕೂತರು. "ದಾದ ಆಂಡ್?" ಎಂದು ಹೆಂಡತಿಯನ್ನು ಕೇಳಿ, ನನ್ನನ್ನು ನೋಡಿ ಕನ್ನಡಕ್ಕೆ ತಿರುಗಿದರು. "ಎಂತ ಆಯ್ತು, ಇಬ್ಬರೂ ಹೀಗೆ ಕೂತಿದ್ದೀರಿ?"

ಅವಳು ಹೇಳಿದಳು. ಮಂಗನಬಾವು, ಆಣೆ, ಬೆಂಚು, ಪರೀಕ್ಷೆ. ಎಲ್ಲವನ್ನೂ ಟೇಬಲ್ ನೋಡುತ್ತಾ ಹೇಳಿದಳು. ನಾನು ಅವಳ ಕೈಯನ್ನು ಟೇಬಲ್ಲಿನ ಕೆಳಗೆ ಹಿಡಿದುಕೊಂಡಿದ್ದೆ. ಯಾರ ಕೈ ಹೆಚ್ಚು ಬೆವರುತ್ತಿತ್ತೋ ತಿಳಿಯದು.

ಪ್ರೇಮನಾಥರು ಕಾಫಿ ಕಲಕುತ್ತಾ ಪೂರ್ತಿ ಕೇಳಿದರು. ಆಮೇಲೆ ನಕ್ಕರು. "ಕಿವಿಯಾ? ಒಂದು ಕಿವಿಗೆ ಇಷ್ಟು ವರ್ಷ ಹೆದರಿದ್ದಾ ಮಾರಾಯ್ತಿ? ನಾನು ಎಂತದೋ ದೊಡ್ಡ ಕಾಯಿಲೆ ಅಂತ ಎಣಿಸಿದೆ. ಹೋಟೆಲಿನವನ ಹೆಂಡತಿಗೆ ಒಂದು ಕಿವಿ ಕಡಿಮೆ ಇದ್ರೆ ಒಳ್ಳೆಯದೇ."

ನಾನು ಕಾಫಿ ಎತ್ತಿಕೊಂಡೆ. ಹರಿಣಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡೆ, ಆಗ ಪ್ರೇಮನಾಥರ ಲೋಟ ಬಾಯಿಯ ಹತ್ತಿರ ನಿಂತಿತು.

"ಯಾವ ಕಿವಿ ಅಂದಿ?"

"ಎಡದ್ದು."

ಅವರು ಲೋಟ ಕೆಳಗಿಟ್ಟರು. ಟೇಬಲ್ಲಿನ ಮೇಲೆ ಬೆರಳಿನಿಂದ ಏನನ್ನೋ ಗುರುತು ಮಾಡಿಕೊಂಡರು, ಇಲ್ಲಿ ಗೋಡೆ, ಇಲ್ಲಿ ಮಂಚ ಎಂಬಂತೆ. "ನೀನು ಗೋಡೆಯ ಕಡೆಗೆ ತಿರುಗಿ ಮಲಗ್ತಿ. ಬಲಗಿವಿ ದಿಂಬಿಗೆ."

"ಹೌದು."

"ಮಗುವನ್ನು ಕಳಿಸಿ ಬಂದ ವಾರ." ಅವರ ದನಿ ಬದಲಾಯಿತು. "ಒಂದು ರಾತ್ರಿ ನಾನು ನಿನ್ನ ಹತ್ತಿರ ಮಾತಾಡಿದೆ. ಬೆಳಕು ಹರಿಯುವವರೆಗೆ ಮಾತಾಡಿದೆ. ನೀನು ಹೂಂ, ಹೂಂ ಅಂತಿದ್ದಿ."

ಹರಿಣಾಕ್ಷಿ ತಲೆ ಎತ್ತಿ ಅವರನ್ನು ನೋಡಿದಳು. "ಮಂಚ ಅಲುಗಿದ್ರೆ ನಾನು ಹೂಂ ಅಂತೇನೆ," ಎಂದಳು. "ಅಭ್ಯಾಸ."

"ಬೆಳಿಗ್ಗೆ ನೀನು ಎಂತದೂ ಆಗದ ಹಾಗೆ ಚಾ ತಂದುಕೊಟ್ಟಿ. ಇನ್ನು ಆ ಮಾತು ಎತ್ತುವುದು ಬೇಡ ಅಂತ ನಿನ್ನ ಮನಸ್ಸಿನಲ್ಲಿ ಉಂಟು ಅಂತ ತಿಳ್ಕೊಂಡೆ. ಆಮೇಲೆ ನಾನು ಎತ್ತಲಿಲ್ಲ."

ಹನ್ನೊಂದು ವರ್ಷ ಅವಳು ಸಿಟ್ಟು ಇಟ್ಟುಕೊಂಡಿದ್ದಳು, ಎರಡು ತಿಂಗಳು ನಾನೂ ಈ ಮನುಷ್ಯನನ್ನು ಬೈದಿದ್ದೆ. ನನಗೆ ನಾಚಿಕೆಯಾಯಿತು. ಅಳು ಬಂತು.

ಪ್ರೇಮನಾಥರು ಎದ್ದು ಟೇಬಲ್ ಸುತ್ತಿ ನನ್ನ ಹತ್ತಿರ ಬಂದು ನಿಂತರು. "ಅಕ್ಕ, ಸ್ವಲ್ಪ ಆಚೆ ಕೂತ್ಕೊಳ್ತೀರಾ?"

ನಾನು ಜಾಗ ಬಿಟ್ಟೆ. ಅವರು ಅವಳ ಬಲಗಡೆ ಕೂತು, ಎರಡು ಕೈಯನ್ನೂ ಟೇಬಲ್ಲಿನ ಮೇಲಿಟ್ಟು, ತುಳುವಿನಲ್ಲಿ ಹೇಳಲು ಶುರುಮಾಡಿದರು. ನನಗೆ ತುಳು ಬರುವುದಿಲ್ಲ. ಬಾಲೆ ಎಂಬ ಒಂದು ಶಬ್ದ ಮಾತ್ರ ಗೊತ್ತು, ಅಂದರೆ ಮಗು. ಅದು ಮತ್ತೆ ಮತ್ತೆ ಬಂತು. ಹರಿಣಾಕ್ಷಿ ತಲೆ ಆಡಿಸಲಿಲ್ಲ. ಒಂದು ಕಡೆ ಅವರ ತೋಳು ಹಿಡಿದು ನಿಲ್ಲಿಸಿ ಏನೋ ಕೇಳಿದಳು, ಅವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು.